"ಬ್ರೇಕ್ ಹಿಡಿಯಲ್ಲ" ಎಂಬ ದೂರು: ದಾವಣಗೆರೆಯ ಒಂದು ಕಾರಿನ ಪ್ರಕರಣ

ನಮ್ಮ ಕಡೆ ಗ್ಯಾರೇಜಿಗೆ ಬರುವ ದೂರುಗಳಲ್ಲಿ "ಬ್ರೇಕ್ ಹಿಡಿಯಲ್ಲ" ಅನ್ನೋದು ತುಂಬಾ ಸಾಮಾನ್ಯ. ಅದಕ್ಕೆ ಸಿಗುವ ಪರಿಹಾರವೂ ಅಷ್ಟೇ ಸಾಮಾನ್ಯ: ಪ್ಯಾಡ್ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಬದಲಿಸಿ. ದೂರು ಹೇಳಿದವರನ್ನು ಕೂರಿಸಿಕೊಂಡು ನಾಲ್ಕು ಪ್ರಶ್ನೆ ಕೇಳುವವರು ಕಡಿಮೆ. ಕೇಳಿದರೆ ಏನೇನು ಹೊರಬರುತ್ತೆ ಅನ್ನೋದಕ್ಕೆ ಈ ಪ್ರಕರಣ ಒಳ್ಳೆ ಉದಾಹರಣೆ. ನಾನು ಐಟಿಐನಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ಕೆಲಸ ಕಲಿಸುತ್ತೇನೆ. ರಜಾ ದಿನಗಳಲ್ಲಿ ಪಿ.ಬಿ. ರಸ್ತೆ ಹತ್ತಿರದ ಗೆಳೆಯನ ಗ್ಯಾರೇಜಿನಲ್ಲಿ ಇರುತ್ತೇನೆ. ಕಾರಿನ ಮಾಲೀಕರ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ. ಅವರ ಹೆಸರು, ಊರು, ಕಾರಿನ ಕಂಪನಿ ಯಾವುದನ್ನೂ ಹೇಳಿಲ್ಲ. ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತೇನೆ.

ಹಿನ್ನೆಲೆ

ಮೇಷ್ಟ್ರಿಗೆ ಐವತ್ತರ ಆಸುಪಾಸು. ಮನೆ ದಾವಣಗೆರೆಯಲ್ಲಿ, ಕೆಲಸ ಜಗಳೂರು ಕಡೆಯ ಹಳ್ಳಿಯ ಪ್ರೌಢಶಾಲೆಯಲ್ಲಿ. ಕಾರು ಪೆಟ್ರೋಲ್ ಹ್ಯಾಚ್‌ಬ್ಯಾಕ್, 2018ರಲ್ಲಿ ಹೊಸದಾಗಿ ಕೊಂಡದ್ದು. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್, ಜೊತೆಗೆ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ. ಶಾಲೆಯ ನಾಲ್ಕು ಜನ ಸರದಿ ಮೇಲೆ ಕಾರು ತರುವುದರಿಂದ ಆರು ವರ್ಷಕ್ಕೆ ಐವತ್ತು ಸಾವಿರ ಕಿಲೋಮೀಟರ್ ಅಷ್ಟೇ ದಾಟಿತ್ತು. "ನಮ್ ಗಾಡಿ ಓಡೇ ಇಲ್ರೀ" ಅಂತ ಮೇಷ್ಟ್ರು ಹೆಮ್ಮೆಯಿಂದ ಹೇಳುತ್ತಿದ್ದರು. ಓಡದಿದ್ದರೂ ಬಿಸಿಲು ಮಾತ್ರ ಚೆನ್ನಾಗಿ ಕುಡಿದಿತ್ತು. ಶಾಲೆಯ ಮೈದಾನದಲ್ಲಿ ಒಂದು ಮರವೂ ಇಲ್ಲ. ಬೇಸಿಗೆ ಬಂದರೆ ಬೆಳಗ್ಗೆಯಿಂದ ಸಂಜೆವರೆಗೆ ಕಾರು ಬಟಾಬಯಲಲ್ಲೇ ನಿಂತಿರುತ್ತೆ.

ಓಡಾಡುವ ರಸ್ತೆಯ ಬಗ್ಗೆಯೂ ಹೇಳಬೇಕು. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಚಕ್ರಕ್ಕೆ ಅಂಟಿದ ಎರೆಮಣ್ಣು ಡಾಂಬರಿನ ಮೇಲೆ ಬಿದ್ದು ಬೆಣ್ಣೆ ಸವರಿದ ಹಾಗೆ ಆಗುತ್ತೆ. ಸುಗ್ಗಿ ಕಾಲದಲ್ಲಿ ಅರ್ಧ ರಸ್ತೆಗೆ ಮೆಕ್ಕೆಜೋಳ ಹರಡಿರುತ್ತಾರೆ. ಬಿಡಿ ಕಾಳಿನ ಮೇಲೆ ಬ್ರೇಕ್ ಹಾಕಿದವರಿಗೆ ಗೊತ್ತು, ಕಾರು ತೇಲಿಕೊಂಡು ಹೋಗುತ್ತೆ. ಇಂಥ ಜಾಗದಲ್ಲಿ ಎಬಿಎಸ್ ಇದ್ದರೆ ಸ್ಟೀರಿಂಗ್ ಕೈಯಲ್ಲಿ ಉಳಿಯುತ್ತೆ ನಿಜ. ಆದರೆ ನಿಲ್ಲುವ ದೂರ ಕಡಿಮೆಯಾಗುತ್ತೆ ಅಂತ ಇಲ್ಲ, ಜಾಸ್ತಿಯೂ ಆಗಬಹುದು.

ತೊಂದರೆ

2024ರ ಮಳೆಗಾಲದಲ್ಲಿ ಮೇಷ್ಟ್ರು ನಮ್ಮ ಗ್ಯಾರೇಜಿಗೆ ಬಂದಾಗ ಕೈಯಲ್ಲಿ ಎರಡು ಅಂಗಡಿಗಳ ಎಸ್ಟಿಮೇಟ್ ಚೀಟಿ ಇದ್ದವು. ಅಷ್ಟರಲ್ಲಿ ಆಗಲೇ ಒಂದಿಷ್ಟು ಖರ್ಚೂ ಆಗಿತ್ತು. ಒಂದು ಗ್ಯಾರೇಜಿನವರು ಬ್ರೇಕ್ ಲೈನಿನಿಂದ ಗಾಳಿ ತೆಗೆದು, ಪ್ಯಾಡ್ ಇನ್ನೂ ಅರ್ಧ ಇದೆ ಅಂದು ಕಳಿಸಿದ್ದರು. ಇನ್ನೊಂದು ಕಡೆ "ಸ್ಪೋರ್ಟ್ಸ್ ಪ್ಯಾಡ್ ಹಾಕ್ಸಿ ಸರ್, ಹಂಗೇ ಅಗಲದ ಟೈರ್ ಹಾಕ್ಸಿಬಿಡಿ, ಕಚ್ಚಿ ಹಿಡೀತದೆ" ಅಂದಿದ್ದರು. ಮಗ ಅಲಾಯ್ ವೀಲ್ ಬೇಕು ಅಂತ ಹಟ ಹಿಡಿದಿದ್ದ. ಭಾವಮೈದುನನ ಸಲಹೆ, ಮುಂದಕ್ಕೆ ಎರಡು ಹೊಸ ಟೈರ್ ಸಾಕು ಅಂತ. ಇಷ್ಟು ಸಲಹೆ ಕೇಳಿದ ಮೇಲೂ ಮೇಷ್ಟ್ರಿಗೆ ಸಮಾಧಾನ ಇರಲಿಲ್ಲ.

ಕೂತು ಮಾತಾಡಿದಾಗ ಎರಡು ಘಟನೆ ಹೊರಬಂದವು.

ಮೊದಲನೆಯದು ಬೇಸಿಗೆ ರಜೆಯದ್ದು. ಮನೆಮಂದಿಯೆಲ್ಲ ಸೇರಿ ಶಿವಮೊಗ್ಗ, ತೀರ್ಥಹಳ್ಳಿ ಮೇಲೆ ಉಡುಪಿಗೆ ಹೊರಟಿದ್ದರು. ಐದು ಜನ, ಡಿಕ್ಕಿ ತುಂಬಾ ಸಾಮಾನು. ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳಿವೆ. ಅರ್ಧ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಪೆಡಲ್ ಎಷ್ಟು ಒತ್ತಿದರೂ ಕಾರು ನಿಧಾನ ಆಗಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಹೇಗೋ ಪಕ್ಕಕ್ಕೆ ನಿಲ್ಲಿಸಿದರು. ತಣ್ಣಗಾದ ಮೇಲೆ ಬ್ರೇಕ್ ಮೊದಲಿನಂತೆಯೇ ಆಯಿತು.

ಎರಡನೆಯದು ಜೂನ್ ತಿಂಗಳ ಒಂದು ಬೆಳಗ್ಗೆ, ಶಾಲೆಗೆ ಹೋಗುವಾಗ. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಮುಂದಿದ್ದ ಟ್ರ್ಯಾಕ್ಟರ್ ಸೂಚನೆ ಕೊಡದೆ ಹೊಲದ ದಾರಿಗೆ ತಿರುಗಿತು. ಮೇಷ್ಟ್ರು ಜೋರಾಗಿ ಬ್ರೇಕ್ ಒತ್ತಿದರು. ಕಾರು ಜಾರಿಕೊಂಡು ಹೋಗಿ ಟ್ರೇಲರ್‌ಗೆ ಒಂದು ಮೊಳ ಇರುವಾಗ ನಿಂತಿತು.

ಎರಡನ್ನೂ ಅವರು ಹೇಳಿದ್ದು ಒಂದೇ ಮಾತಲ್ಲಿ: "ಬ್ರೇಕ್ ಹಿಡೀಲಿಲ್ಲ." ಹಾಗಾಗಿ ಕೇಳಿದವರೆಲ್ಲ ಒಂದೇ ತೊಂದರೆ ಅಂದುಕೊಂಡು ಒಂದೇ ಔಷಧಿ ಹೇಳಿದ್ದರು.

ದಾರಿ ಬದಲಿಸಿದ ಪ್ರಶ್ನೆ

ನಾನು ಕೇಳಿದ್ದು ಇಷ್ಟೇ. ಆ ಹೊತ್ತಲ್ಲಿ ಪೆಡಲ್ ಕಾಲಿಗೆ ಹೇಗನಿಸಿತು?

ಮೇಷ್ಟ್ರು ಸ್ವಲ್ಪ ಹೊತ್ತು ಯೋಚಿಸಿದರು. "ಘಾಟಿಯಲ್ಲಿ ಕಲ್ಲಿನ ಹಂಗೆ ಗಟ್ಟಿ ಇತ್ತು ಸರ್. ಒತ್ತಿದ್ರೂ ಏನೂ ಆಗ್ಲಿಲ್ಲ. ಟ್ರ್ಯಾಕ್ಟರ್ ಹಿಂದೆ ಮಾತ್ರ ಗರಗರ ಅಂತ ಕಾಲು ಒದ್ದಂಗಾತು."

ಇಲ್ಲಿಗೆ ಎರಡು ತೊಂದರೆ ಬೇರೆ ಬೇರೆಯಾದವು. ಪೆಡಲ್ ಗರಗರ ನಡುಗಿತು ಅಂದರೆ ಎಬಿಎಸ್ ಕೆಲಸ ಮಾಡಿದೆ. ಎಬಿಎಸ್ ಕೆಲಸ ಮಾಡಿದೆ ಅಂದರೆ ಚಕ್ರ ಲಾಕ್ ಆಗುವಷ್ಟು ಜೋರಾಗಿ ಪ್ಯಾಡು ಡಿಸ್ಕನ್ನು ಹಿಡಿದಿದೆ. ಅಂದ ಮೇಲೆ ಸೋತಿದ್ದು ಪ್ಯಾಡ್ ಅಲ್ಲ, ರಸ್ತೆ ಮೇಲಿನ ಟೈರಿನ ಹಿಡಿತ. ಇಲ್ಲಿ ಎಷ್ಟೇ ದುಬಾರಿ ಪ್ಯಾಡ್ ಹಾಕಿದರೂ ಕಾರು ಒಂದಡಿ ಮೊದಲು ನಿಲ್ಲುತ್ತಿರಲಿಲ್ಲ. ಎಬಿಎಸ್ ಇನ್ನಷ್ಟು ಬೇಗ ಶುರುವಾಗುತ್ತಿತ್ತು, ಅಷ್ಟೇ.

ಘಾಟಿಯ ಕಥೆ ಬೇರೆ. ಪೆಡಲ್ ಗಟ್ಟಿ ಇದೆ, ಎಬಿಎಸ್ ಬಂದಿಲ್ಲ, ಕಾರು ನಿಲ್ಲುತ್ತಿಲ್ಲ. ಪ್ಯಾಡಿನ ಮೈ ವಿಪರೀತ ಬಿಸಿಯಾಗಿ ಡಿಸ್ಕನ್ನು ಹಿಡಿಯುವ ಗುಣ ಕಳಕೊಂಡಿದೆ ಅಂತ ಅರ್ಥ. ಬ್ರೇಕ್ ಆಯಿಲ್ ಕುದ್ದಿದ್ದರೆ ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತಿತ್ತು. ಗಟ್ಟಿ ಪೆಡಲ್ ಮತ್ತು ಮೆತ್ತನೆ ಪೆಡಲ್, ಈ ವ್ಯತ್ಯಾಸವನ್ನು ಗಾಡಿ ಓಡಿಸುವ ಪ್ರತಿಯೊಬ್ಬರೂ ತಿಳಿದಿರಬೇಕು ಅಂತ ನನ್ನ ಆಸೆ. ಮೆಕ್ಯಾನಿಕ್ ಎಷ್ಟೇ ಜಾಣನಾದರೂ ಘಾಟಿಯಲ್ಲಿ ನಿಮ್ಮ ಕಾಲಿಗೆ ಆದ ಅನುಭವ ಅವನಿಗೆ ಗ್ಯಾರೇಜಿನಲ್ಲಿ ಸಿಗಲ್ಲ.

ಬಿಚ್ಚಿ ನೋಡಿದಾಗ

ಮುಂದಿನ ಚಕ್ರ ಬಿಚ್ಚಿ ಪ್ಯಾಡ್ ಹೊರತೆಗೆದೆವು. ಮೈ ಗಾಜಿನ ಹಾಗೆ ಹೊಳೆಯುತ್ತಿತ್ತು, ಅಂಚು ಪುಡಿಪುಡಿಯಾಗಿತ್ತು. ಎಡಗಡೆ ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ಜಾಸ್ತಿ ಸವೆದಿತ್ತು. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಅನ್ನೋ ಭಾಗ ಜಾರಬೇಕಾದ ಪಿನ್ ಗ್ರೀಸ್ ಒಣಗಿ ಕಚ್ಚಿಕೊಂಡಿತ್ತು. ಪಿನ್ ಜಾರದಿದ್ದರೆ ಪಿಸ್ಟನ್ ಕಡೆಯ ಪ್ಯಾಡ್ ಒಂದೇ ದುಡಿಯುತ್ತೆ, ಬ್ರೇಕ್ ಬಿಟ್ಟ ಮೇಲೂ ಡಿಸ್ಕಿಗೆ ಉಜ್ಜುತ್ತಲೇ ಇರುತ್ತೆ. ಸುಮ್ನೆ ಹೋಗುವಾಗಲೂ ಬಿಸಿ ಏರುತ್ತಿರುತ್ತೆ. "ಪ್ಯಾಡ್ ಅರ್ಧ ಇದೆ" ಅಂತ ಹಿಂದಿನ ಗ್ಯಾರೇಜಿನವರು ಹೇಳಿದ್ದು ಹೊರಗಿನ ಪ್ಯಾಡ್ ನೋಡಿ. ಚಕ್ರದ ಸಂದಿಯಿಂದ ಇಣುಕಿದರೆ ಕಾಣುವುದು ಅದೊಂದೇ.

ಆ ಪ್ಯಾಡಿನ ಬೆನ್ನಿನ ತಗಡಿನ ಮೇಲೆ ಕಂಪನಿ ಹೆಸರಿಲ್ಲ, ಬ್ಯಾಚ್ ನಂಬರ್ ಇಲ್ಲ, ಏನೂ ಇಲ್ಲ. ಹಿಂದಿನ ವರ್ಷ ಯಾವುದೋ ಅಂಗಡಿಯಲ್ಲಿ ಬಿಲ್ ಇಲ್ಲದೆ ಸಾವಿರದೊಳಗೆ ಹಾಕಿಸಿದ್ದಂತೆ. ಡಿಸ್ಕ್ ಮಾತ್ರ ಚೆನ್ನಾಗಿತ್ತು. ಡಿಸ್ಕಿನ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಡಿಸ್ಕಿನ ಮೇಲೆಯೇ ಅಚ್ಚಾಗಿರುತ್ತೆ. ಅಳತೆ ಮಾಡಿದಾಗ ಅದಕ್ಕಿಂತ ಮೇಲಿತ್ತು, ಹಾಗಾಗಿ ಬದಲಿಸಲಿಲ್ಲ. ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಈ ಆಯಿಲ್ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತೆ. ಡಾಟ್ 3, ಡಾಟ್ 4 ಅನ್ನೋದು ಇದರ ದರ್ಜೆಗಳು. ಹೊಸ ಡಾಟ್ 3 ಆಯಿಲ್ ಕಡೇ ಪಕ್ಷ 205 ಡಿಗ್ರಿವರೆಗೆ ಕುದಿಯಬಾರದು, ಆದರೆ ತೇವ ಸೇರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತೆ. ಡಾಟ್ 4 ಆದರೆ 230 ಮತ್ತು 155. ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನೋದು ಇದಕ್ಕೇ. ಆಗುಂಬೆಯಲ್ಲಿ ಪ್ಯಾಡಿನ ಜೊತೆ ಆಯಿಲ್ ಕೂಡ ಕೈಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ಎದೆ ಝಲ್ ಅನ್ನುತ್ತೆ.

ಇನ್ನು ಟೈರ್. ಗುಂಡಿಯ, ಅಂದರೆ ಟೈರಿನ ಮೈಮೇಲಿನ ಗಾಡಿಗಳ, ಆಳ ನೋಡಿದರೆ ಯಾರೂ ಬದಲಿಸಿ ಅನ್ನಲ್ಲ. ಟೈರಿನ ಗುಂಡಿಗಳ ಒಳಗೆ ಸಣ್ಣ ರಬ್ಬರ್ ದಿಬ್ಬಗಳಿರುತ್ತವೆ. ಅವುಗಳ ಎತ್ತರ 1.6 ಮಿಲಿಮೀಟರ್. ಟೈರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂತು ಅಂದರೆ ಅದರ ಆಯಸ್ಸು ಮುಗಿಯಿತು. ಮೇಷ್ಟ್ರ ಟೈರಿನಲ್ಲಿ ಅದಕ್ಕಿಂತ ದುಪ್ಪಟ್ಟು ಆಳ ಉಳಿದಿತ್ತು. ಆದರೆ ಸೈಡಿನ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ಉಗುರು ಒತ್ತಿದರೆ ರಬ್ಬರ್ ಬಗ್ಗುತ್ತಲೇ ಇರಲಿಲ್ಲ. ಗೋಡೆ ಮೇಲೆ DOT ಅಂತ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ 0918. ಅಂದರೆ 2018ರ ಒಂಬತ್ತನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ಬಿಸಿಲು ತಿಂದ ರಬ್ಬರ್ ಗಟ್ಟಿಯಾಗಿತ್ತು. ಮಳೆಯಲ್ಲಿ ರಸ್ತೆಯ ಸಣ್ಣ ಉಬ್ಬುತಗ್ಗುಗಳಿಗೆ ಒತ್ತಿ ಕೂರುವ ಮೆದುತನ ಅದಕ್ಕೆ ಉಳಿದಿರಲಿಲ್ಲ.

ಮೇಷ್ಟ್ರು ವಿಜ್ಞಾನ ಕಲಿಸುವವರು. ಹಾಗಾಗಿ ಲೆಕ್ಕವನ್ನು ಅವರ ಮುಂದೆಯೇ ಹಾಕಿದೆವು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದಾಗ ಟೈರು ಮತ್ತು ರಸ್ತೆ ನಡುವಿನ ಘರ್ಷಣೆಯ ಗುಣಾಂಕ 0.8 ಇದ್ದರೆ ಕಾರು ಸುಮಾರು 18 ಮೀಟರಿನಲ್ಲಿ ನಿಲ್ಲುತ್ತೆ. 0.5ಕ್ಕೆ ಇಳಿದರೆ 28 ಮೀಟರ್. 0.4 ಆದರೆ 35 ಮೀಟರ್. ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿದರೆ ಅದಕ್ಕೆ ಇನ್ನೂ 17 ಮೀಟರ್ ಸೇರಿಸಬೇಕು. ಈ ಲೆಕ್ಕದಲ್ಲಿ ಪ್ಯಾಡಿನ ಹೆಸರೇ ಬರಲ್ಲ ನೋಡಿ. ಚಕ್ರವನ್ನು ಲಾಕ್ ಮಾಡುವಷ್ಟು ಶಕ್ತಿ ಬ್ರೇಕಿಗೆ ಇದ್ದರೆ ಉಳಿದದ್ದೆಲ್ಲ ಟೈರು ಮತ್ತು ರಸ್ತೆಗೆ ಬಿಟ್ಟದ್ದು.

ಒಂದೊಂದಾಗಿ ಬದಲಿಸುವ ತೀರ್ಮಾನ

ಪ್ಯಾಡು, ಟೈರು ಎರಡನ್ನೂ ಒಂದೇ ದಿನ ಬದಲಿಸಿ ಕಳಿಸಬಹುದಿತ್ತು. ಹಾಗೆ ಮಾಡಿದರೆ ಯಾವುದರಿಂದ ಏನು ಸರಿಯಾಯಿತು ಅಂತ ಗೊತ್ತಾಗಲ್ಲ. ಮೊದಲು ಬ್ರೇಕ್ ಕೆಲಸ, ಅದಾದ ಮೇಲೆ ಪರೀಕ್ಷೆ, ಆಮೇಲೆ ಟೈರ್ ಅಂತ ತೀರ್ಮಾನಿಸಿದೆವು. ಮೇಷ್ಟ್ರೂ ಖುಷಿಯಿಂದ ಒಪ್ಪಿದರು.

ಪ್ಯಾಡಿನ ಆಯ್ಕೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಸ್ಪೋರ್ಟ್ಸ್ ಪ್ಯಾಡ್ ಬೇಡ ಅಂದೆವು. ರೇಸಿಗೆ ಮಾಡಿದಂಥ ಪ್ಯಾಡ್ ಬಿಸಿಯೇರಿದ ಮೇಲೆಯೇ ಚೆನ್ನಾಗಿ ಕಚ್ಚುವುದು. ಬೆಳಗ್ಗೆ ತಣ್ಣಗಿರುವ ಗಾಡಿ ತೆಗೆದು ಶಾಲೆಗೆ ಹೋಗುವವರಿಗೆ ಅದರಿಂದ ಲಾಭವಿಲ್ಲ. ಸೆರಾಮಿಕ್ ಪ್ಯಾಡ್ ಬಗ್ಗೆಯೂ ಕೇಳಿದರು. ಅದರಲ್ಲಿ ಸದ್ದು ಕಡಿಮೆ, ಚಕ್ರಕ್ಕೆ ಕೂರುವ ಕಪ್ಪು ಪುಡಿ ಕಡಿಮೆ. ಆದರೆ ಸೆರಾಮಿಕ್ ಅಂದ ಮಾತ್ರಕ್ಕೆ ಕಾರು ಬೇಗ ನಿಲ್ಲುತ್ತೆ ಅಂತೇನಿಲ್ಲ.

ಕೆಲವು ಪ್ಯಾಡುಗಳ ಬೆನ್ನ ಮೇಲೆ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ಎಫ್ಎಫ್, ಜಿಎಫ್ ಅಂತೆಲ್ಲ. ಮೊದಲನೆಯದು ಸಾಧಾರಣ ಬಿಸಿಯಲ್ಲಿ ಪ್ಯಾಡಿನ ಹಿಡಿತ, ಎರಡನೆಯದು ಜಾಸ್ತಿ ಬಿಸಿಯಲ್ಲಿನ ಹಿಡಿತ. ಇ ಅಂದರೆ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಘಾಟಿ ಇಳಿಯುವವರು ಎರಡನೇ ಅಕ್ಷರ ನೋಡಬೇಕು. ಬಿಸಿಯಲ್ಲಿ ಅದು ಮೊದಲನೆಯದಕ್ಕಿಂತ ಕೆಳಗೆ ಬೀಳಬಾರದು. ಆದರೆ ಪ್ಯಾಡ್ ಎಷ್ಟು ಬಾಳಿಕೆ ಬರುತ್ತೆ, ಸದ್ದು ಮಾಡುತ್ತಾ ಅನ್ನೋದನ್ನು ಈ ಅಕ್ಷರಗಳು ಹೇಳಲ್ಲ. ಕಾರು ಕಂಪನಿಯ ಸ್ವಂತ ಪ್ಯಾಡ್ ಮತ್ತು ಹೆಸರಿರುವ ಇನ್ನೊಂದು ಕಂಪನಿಯ ಎಫ್ಎಫ್ ಪ್ಯಾಡ್, ಇವೆರಡರಲ್ಲಿ ಯಾವುದಾದರೂ ಆದೀತು ಅಂದೆವು. ಮೇಷ್ಟ್ರು ಎರಡನೆಯದನ್ನು ತೆಗೆದುಕೊಂಡರು. ಪೆಟ್ಟಿಗೆ ಮೇಲೆ ಎಂಆರ್‌ಪಿ, ಬ್ಯಾಚ್ ನಂಬರ್, ತಯಾರಿಕೆಯ ತಿಂಗಳು ಇದೆಯಾ, ಹಾಲೋಗ್ರಾಂ ಸರಿ ಇದೆಯಾ ನೋಡಿ, ಬಿಲ್ ಕೇಳಿ ಪಡೆದೆವು. ನಕಲಿ ಪೆಟ್ಟಿಗೆಯ ಕಾಟ ನಮ್ಮ ಮಾರ್ಕೆಟ್ಟಿನಲ್ಲೂ ಇದೆ. ಬಿಲ್ ಕೊಡಲು ಹಿಂದೇಟು ಹಾಕುವ ಅಂಗಡಿಯಲ್ಲಿ ಬ್ರೇಕಿನ ಸಾಮಾನು ಕೊಳ್ಳಲೇಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಕೆಲಸದಲ್ಲಿ ಎಚ್ಚರ ಬೇಕಾದದ್ದು ಪಿನ್ನಿನ ಹತ್ತಿರ. ಕಚ್ಚಿದ್ದ ಪಿನ್ ಬಿಡಿಸಿ, ಒರೆಸಿ, ಸಿಲಿಕಾನ್ ಗ್ರೀಸ್ ಹಚ್ಚಿದೆವು. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಬೂಟ್ ಉಬ್ಬಿ ಪಿನ್ ಮತ್ತೆ ಕಚ್ಚುತ್ತೆ. ಎಡ ಬಲ ಎರಡೂ ಚಕ್ರಕ್ಕೆ ಸೇರಿ ನಾಲ್ಕು ಪ್ಯಾಡನ್ನೂ ಒಟ್ಟಿಗೆ ಬದಲಿಸಿದೆವು. ಆಯಿಲ್ ಪೂರ್ತಿ ಹೊಸದು, ಕಾರಿನಲ್ಲಿರುವ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯದ್ದೇ. ಹಿಂದಿನ ಡ್ರಮ್ಮನ್ನೂ ಬಿಚ್ಚಿ, ಒಳಗಿನ ಬ್ರೇಕ್ ಶೂ ಒರೆಸಿ, ಹೊಂದಿಸಿದೆವು. ಗಾಡಿ ಹೊರಡುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೂ ಒತ್ತಿ ನೋಡುವುದು ಮರೆಯಬಾರದ ಕೆಲಸ. ಪಿಸ್ಟನ್ ಹಿಂದಕ್ಕೆ ತಳ್ಳಿರುವುದರಿಂದ ಮೊದಲ ಒತ್ತಿಗೆ ಪೆಡಲ್ ಸೀದಾ ಕೆಳಗೆ ಹೋಗುತ್ತೆ. ಇದನ್ನು ಮರೆತು ಗ್ಯಾರೇಜಿನ ಗೇಟಿಗೇ ಗುದ್ದಿದ ಗಾಡಿಗಳಿವೆ.

ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಜೋರಾಗಿ ಬ್ರೇಕ್ ಹಾಕಬೇಡಿ, ಹದವಾಗಿ ಒತ್ತಿ ಬಿಡಿ, ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲಿ ಅಂತ ಹೇಳಿ ಕಳಿಸಿದೆವು. ಮಧ್ಯೆ ಒಂದು ಅಡ್ಡಿ ಬಂತು. ಒಂದು ವಾರದಲ್ಲೇ ಬಲಗಡೆ ಚಕ್ರದಲ್ಲಿ ಕಿರ್ ಅನ್ನೋ ಸದ್ದು ಶುರುವಾಯಿತು. ಊರಲ್ಲಿ ಯಾರೋ ಪ್ಯಾಡಿಗೆ ಸ್ಯಾಂಡ್‌ಪೇಪರ್ ಉಜ್ಜಿಸಿ ಅಂದಿದ್ದರಂತೆ. ಬಿಚ್ಚಿದರೆ ಪ್ಯಾಡು ಕೂರುವ ಜಾಗದ ಸ್ಟೀಲ್ ಕ್ಲಿಪ್ ಹಳೆಯದು, ಅದರ ಬಿಗಿ ಹೋಗಿತ್ತು. ಹೊಸ ಕ್ಲಿಪ್ ಹಾಕಿದ ಮೇಲೆ ಸದ್ದು ನಿಂತಿತು. ಪ್ಯಾಡ್ ತರುವಾಗ ಕ್ಲಿಪ್ಪಿನ ಕಿಟ್ ಕೂಡ ಕೇಳಿ ತರಬೇಕು.

ಸುಣ್ಣದ ಗೆರೆ

ಪ್ಯಾಡ್ ಹೊಂದಿಕೊಂಡ ಮೇಲೆ, ಮಳೆ ನಿಂತ ಒಂದು ಭಾನುವಾರ ಬೆಳಗ್ಗೆ ಜನ, ದನ ಇಲ್ಲದ ನೇರ ರಸ್ತೆಗೆ ಹೋದೆವು. ಹಿಂದೆ ಮುಂದೆ ಒಬ್ಬೊಬ್ಬರು ನಿಂತು ಗಾಡಿ ಬರುತ್ತಾ ಅಂತ ನೋಡಿಕೊಂಡರು. ಮೇಷ್ಟ್ರು ಶಾಲೆಯಲ್ಲಿ ಕಬಡ್ಡಿ ಅಂಕಣಕ್ಕೆ ಹಾಕುವ ಸುಣ್ಣದ ಪುಡಿ ತಂದಿದ್ದರು. ಒಂದು ಮೈಲಿಗಲ್ಲಿನ ನೇರಕ್ಕೆ ರಸ್ತೆ ಪಕ್ಕ ಗೆರೆ ಎಳೆದರು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬಂದು ಗೆರೆ ಮುಟ್ಟಿದ ಕೂಡಲೇ ಪೂರ್ತಿ ಬ್ರೇಕ್. ಪೆಡಲ್ ಗರಗರ ಅಂತು, ಕಾರು ಜಾರಿ ನಿಂತಿತು. ನಿಂತ ಜಾಗದಲ್ಲಿ ಇನ್ನೊಂದು ಗೆರೆ. ಮತ್ತೆ ಮಾಡಿದಾಗಲೂ ಹೆಚ್ಚು ಕಡಿಮೆ ಅಲ್ಲೇ ನಿಂತಿತು. ಹೊಸ ಪ್ಯಾಡ್ ಇದ್ದರೂ ಒದ್ದೆ ರಸ್ತೆಯಲ್ಲಿ ಎಬಿಎಸ್ ಹಾಗೇ ಶುರುವಾಯಿತು, ಕಾರು ಹಾಗೇ ಜಾರಿತು. ಅಲ್ಲಿಯವರೆಗೆ ಟೈರ್ ವಿಷಯದಲ್ಲಿ ಅನುಮಾನ ಇಟ್ಟುಕೊಂಡಿದ್ದ ಮೇಷ್ಟ್ರು ಆ ಎರಡನೇ ಗೆರೆ ನೋಡಿ ಅಲ್ಲೇ ತೀರ್ಮಾನಕ್ಕೆ ಬಂದರು. "ಅಲಾಯ್ ವೀಲ್ ಇಲ್ಲ, ಏನಿಲ್ಲ. ಟೈರ್ ತಗಂಬಿಡಾಣ ಸರ್."

ಟೈರ್ ಅಂಗಡಿಯಲ್ಲಿ

ಇಲ್ಲಿ ಮೂರು ಸಲ ತೀರ್ಮಾನ ಆ ಕಡೆ ಈ ಕಡೆ ವಾಲಿತು.

ಮೊದಲು ಸೈಜ್. ಕಾರಿಗೆ ಬಂದದ್ದು 165/80 ಆರ್14. ಅಂಗಡಿಯವರು ತೋರಿಸಿದ್ದು 185/70 ಆರ್14. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಗೋಡೆಯ ಎತ್ತರ ಅಗಲದ ನೂರಕ್ಕೆ ಎಷ್ಟು ಅಂತ. ಕೊನೆಯದು ರಿಮ್ಮಿನ ಇಂಚು. ಲೆಕ್ಕ ಹಾಕಿದರೆ ಎರಡರ ಒಟ್ಟು ಎತ್ತರದಲ್ಲಿ ಐದು ಮಿಲಿಮೀಟರ್ ಅಷ್ಟೇ ವ್ಯತ್ಯಾಸ. ಕೂರಿಸಿದರೆ ಕೂರುತ್ತೆ, ತುಂಬಾ ಜನ ಕೂರಿಸುತ್ತಾರೆ ಕೂಡ. ಆದರೆ ಸ್ಟೀರಿಂಗ್ ಸ್ವಲ್ಪ ಭಾರ, ಮೈಲೇಜ್ ಸ್ವಲ್ಪ ಕಡಿಮೆ. ನಿಂತ ನೀರಿನ ಮೇಲೆ ಅಗಲ ಟೈರ್ ಬೇಗ ತೇಲುತ್ತೆ. ಮೇಷ್ಟ್ರ ತೊಂದರೆ ರಬ್ಬರಿನ ವಯಸ್ಸಿನದ್ದು, ಅಗಲದ್ದಲ್ಲ. ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಇರುವ ಸೈಜೇ ಸಾಕು ಅಂತಾಯಿತು. ಜೊತೆಗೆ 85ಟಿ ಅನ್ನೋದನ್ನೂ ಸರಿ ನೋಡಿಕೊಂಡೆವು. 85 ಅಂದರೆ ಒಂದು ಟೈರು 515 ಕೆ.ಜಿ. ಹೊರುತ್ತೆ, ಟಿ ಅಂದರೆ ಗಂಟೆಗೆ 190 ಕಿಲೋಮೀಟರ್ ವೇಗದ ಮಿತಿ. ಮೊದಲು ಇದ್ದದ್ದಕ್ಕಿಂತ ಇದು ಕಡಿಮೆಯಾಗಬಾರದು. ಐಎಸ್ಐ ಗುರುತು ಇದೆಯಾ ಅಂತಲೂ ನೋಡಬೇಕು, ನಮ್ಮ ದೇಶದಲ್ಲಿ ಅದು ಕಡ್ಡಾಯ.

ಎರಡನೆಯದು ಎಷ್ಟು ಟೈರ್ ಅನ್ನೋದು. ಎರಡೇ ಕೊಂಡು ಮುಂದಕ್ಕೆ ಹಾಕಿ ಅಂತ ಅಂಗಡಿಯವರೂ ಅಂದರು. ಎಂಜಿನ್ ಎಳೆಯುವುದು, ಬ್ರೇಕಿನ ಭಾರ ಬೀಳುವುದು ಮುಂದಕ್ಕೆ, ಅದಕ್ಕೆ ಹೊಸದು ಮುಂದಿರಲಿ ಅನ್ನೋದು ಎಲ್ಲರ ತರ್ಕ. ಕೇಳಲು ಸರಿ ಅನಿಸುತ್ತೆ. ಟೈರ್ ಕಂಪನಿಗಳು ಹೇಳುವುದು ಇದಕ್ಕೆ ಉಲ್ಟಾ: ಎರಡೇ ಕೊಂಡರೆ ಹೊಸದು ಹಿಂದಕ್ಕೆ ಹಾಕಿ. ಮುಂದಿನ ಟೈರ್ ಜಾರಿದರೆ ಕಾರು ತಿರುಗದೆ ನೇರ ಹೋಗುತ್ತೆ, ಸ್ಟೀರಿಂಗ್ ಹಗುರಾಗಿ ಕೈಗೆ ಗೊತ್ತಾಗುತ್ತೆ, ಆಕ್ಸಿಲರೇಟರ್ ಬಿಟ್ಟರೆ ಹಿಡಿತ ಸಿಗುವ ಸಾಧ್ಯತೆ ಇದೆ. ಹಿಂದಿನ ಟೈರ್ ಜಾರಿದರೆ ಕಾರು ಗಿರ್ರನೆ ತಿರುಗಿಬಿಡುತ್ತೆ. ಅದನ್ನು ಸಂಭಾಳಿಸುವುದು ಸಾಧಾರಣ ಚಾಲಕರ ಕೈಲಿ ಆಗಲ್ಲ. ಇಲ್ಲಿ ನಾಲ್ಕೂ ಟೈರಿನ ಮೇಲೆ 2018ರದೇ ಸಂಖ್ಯೆ ಇದ್ದದ್ದರಿಂದ ನಾಲ್ಕನ್ನೂ ತೆಗೆಯಲೇಬೇಕಿತ್ತು.

ಆಗ ಅಂಗಡಿಯ ಹುಡುಗ ಒಂದು ಮಾತು ಹೇಳಿದ. "ಸ್ಟೆಪ್ನಿ ಹೊಸದೇ ಐತಲ್ರೀ ಸರ್, ನೆಲಾನೇ ಮುಟ್ಟಿಲ್ಲ. ಮೂರು ತಗಳ್ರಿ, ಸಾಕು." ಒಂದು ಟೈರಿನ ದುಡ್ಡು ಅಂದರೆ ಹತ್ತಿರ ಹತ್ತಿರ ಐದು ಸಾವಿರ. ಮೇಷ್ಟ್ರ ಮುಖದಲ್ಲಿ ಆಸೆ ಕಂಡಿತು. ಅವರೇ ಡಿಕ್ಕಿ ತೆಗೆದು ಸ್ಟೆಪ್ನಿ ಎತ್ತಿ, ಒರೆಸಿ, ಸಂಖ್ಯೆ ಓದಿದರು. ಅದೂ 2018. ಗುಂಡಿಯ ಆಳ ಪೂರ್ತಿ ಇತ್ತು, ಹೊಸ ಟೈರಿನ ಮುಳ್ಳುಕೂದಲು ಕೂಡ ಹಾಗೇ ಇತ್ತು. ಆದರೆ ರಬ್ಬರಿಗೆ ವಯಸ್ಸಾಗಲು ಓಡಬೇಕು ಅಂತಿಲ್ಲ. ಹೊಸ ಟೈರುಗಳ ಜೊತೆ ಒಂದು ಬದಿಗೆ ಹಿಡಿತವಿಲ್ಲದ ಹಳೆ ಟೈರ್ ಸೇರಿದರೆ ಜೋರಾಗಿ ಬ್ರೇಕ್ ಹಾಕಿದಾಗ ಕಾರು ಒಂದು ಕಡೆ ಎಳೆಯುತ್ತೆ. ಮೇಷ್ಟ್ರು ಸ್ಟೆಪ್ನಿಯನ್ನು ವಾಪಸ್ ಡಿಕ್ಕಿಯಲ್ಲಿಟ್ಟು, "ನಾಲ್ಕು ಕೊಡಪ್ಪಾ" ಅಂದರು.

ಅಂಗಡಿಯವರು ತಂದ ನಾಲ್ಕರಲ್ಲಿ ಒಂದರ ಸಂಖ್ಯೆ ಉಳಿದವಕ್ಕಿಂತ ಒಂದೂವರೆ ವರ್ಷ ಹಳೆಯದಿತ್ತು. ಕೇಳಿದ ಕೂಡಲೇ ಬದಲಿಸಿಕೊಟ್ಟರು. ಕೇಳದಿದ್ದರೆ ಅದೇ ಕೂರುತ್ತಿತ್ತು. ಟ್ಯೂಬ್‌ಲೆಸ್ ವಾಲ್ವ್ ಹೊಸದು, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎಲ್ಲ ಆಯಿತು. ಗಾಳಿ ಮಾತ್ರ 40 ಹಾಕಿದ್ದರು, ಸ್ಟಿಕ್ಕರ್ ನೋಡಿ ಇಳಿಸಿದೆವು. ಬೇಸಿಗೆಗೆ ಗಾಳಿ ಕಡಿಮೆ ಹಾಕಿಸಬೇಕು ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಗಾಳಿ ಕಡಿಮೆಯಾದರೆ ಟೈರಿನ ಗೋಡೆ ಜಾಸ್ತಿ ಬಳುಕುತ್ತೆ, ಬಳುಕಿದಷ್ಟೂ ಬಿಸಿಯಾಗುತ್ತೆ. ಮಧ್ಯಾಹ್ನದ ಬಿಸಿಲಲ್ಲಿ ಚಿತ್ರದುರ್ಗ, ಹಿರಿಯೂರು ಕಡೆ ಹೈವೇಯಲ್ಲಿ ಟೈರ್ ಒಡೆಯುವುದಕ್ಕೆ ಇದೂ ಒಂದು ಕಾರಣ. ಬೆಳಗ್ಗೆ ಟೈರ್ ತಣ್ಣಗಿರುವಾಗ ಸ್ಟಿಕ್ಕರಿನಲ್ಲಿ ಇದ್ದಷ್ಟು ಹಾಕಿಸಿದರೆ ಎಲ್ಲ ಕಾಲಕ್ಕೂ ಸರಿ.

ಏನಾಯಿತು

ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಂದ ನುಣುಪು ಇರುತ್ತೆ. ಅದು ಹೋಗುವಷ್ಟು ಓಡಿದ ಮೇಲೆ ಮತ್ತೊಂದು ಒದ್ದೆ ಬೆಳಗ್ಗೆ ಅದೇ ಮೈಲಿಗಲ್ಲಿಗೆ ಹೋದೆವು. ಹಳೆಯ ಸುಣ್ಣ ಮಳೆಗೆ ತೊಳೆದು ಹೋಗಿತ್ತು. ನಿಂತ ಜಾಗಕ್ಕೆ ಪಕ್ಕದ ಬೇಲಿ ಕಂಬ ಗುರುತಿಟ್ಟುಕೊಂಡಿದ್ದೆವು. ಅದೇ ವೇಗ, ಅದೇ ಪ್ಯಾಡು. ಕಾರು ಕಂಬಕ್ಕಿಂತ ಒಂದು ಕಾರಿನುದ್ದ ಮೊದಲೇ ನಿಂತಿತು. ಎರಡು ದಿನದ ರಸ್ತೆ ಒಂದೇ ಥರ ಒದ್ದೆ ಇತ್ತು ಅಂತ ಹೇಳಲಾಗಲ್ಲ, ಇದು ಪ್ರಯೋಗಾಲಯದ ಅಳತೆಯಲ್ಲ. ಆದರೂ ಹಲವು ಸಲ ಮಾಡಿದಾಗಲೂ ಒಮ್ಮೆಯೂ ಕಂಬದವರೆಗೆ ಹೋಗಲಿಲ್ಲ.

ಘಾಟಿಯ ವಿಷಯದಲ್ಲಿ ಇಷ್ಟು ಖಚಿತವಾಗಿ ಹೇಳಲಾರೆ. ಮೇಷ್ಟ್ರು ಮತ್ತೆ ಆಗುಂಬೆ ಇಳಿದು ಬಂದರು, ಈ ಸಲ ವಾಸನೆಯೂ ಇಲ್ಲ, ಭಯವೂ ಇಲ್ಲ. ಅಲ್ಲಿ ಪ್ಯಾಡು, ಆಯಿಲ್, ಕಚ್ಚಿದ ಪಿನ್ ಎಲ್ಲ ಒಟ್ಟಿಗೆ ಸರಿಯಾಗಿದ್ದವು. ಅದರ ಜೊತೆ ಇಳಿಸುವ ರೀತಿಯೂ ಬದಲಾಗಿತ್ತು. ಮೊದಲ ಸಲ ಪೆಟ್ರೋಲ್ ಉಳಿಯಲಿ ಅಂತ ನ್ಯೂಟ್ರಲ್‌ನಲ್ಲಿ ಬಿಟ್ಟುಕೊಂಡು ಬಂದಿದ್ದಾಗಿ ಮಾತಿನ ಮಧ್ಯೆ ಹೇಳಿದ್ದರು. ನ್ಯೂಟ್ರಲ್‌ನಲ್ಲಿ ಇಡೀ ಕಾರಿನ ಭಾರವನ್ನು ಬ್ರೇಕ್ ಒಂದೇ ಹಿಡಿಯಬೇಕು. ಈಗಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಪೆಟ್ರೋಲ್ ಕೂಡ ಉಳಿಯಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ನಿಲ್ಲದಿರಲು ಒಂದಿಷ್ಟು ಉರಿಯಲೇಬೇಕು. ಎರಡನೇ ಸಲ ಅವರು ಎರಡನೇ ಗೇರಿನಲ್ಲಿ ಇಳಿದರು. ಘಾಟಿಯಲ್ಲಿ ಆದ ಸುಧಾರಣೆಯಲ್ಲಿ ದೊಡ್ಡ ಪಾಲು ಆ ಗೇರಿನದ್ದು ಅಂತ ನನಗನಿಸುತ್ತೆ. ಆ ಸುಧಾರಣೆಗೆ ಅವರು ಒಂದು ರೂಪಾಯಿಯೂ ಖರ್ಚು ಮಾಡಲಿಲ್ಲ.

ಈ ಪ್ರಕರಣದ ಮೇಲೆ ನಮ್ಮ ಗ್ಯಾರೇಜಿನ ಜಾಬ್ ಕಾರ್ಡಿನಲ್ಲಿ ಎರಡು ಸಾಲು ಸೇರಿಸಿದೆವು. ಬ್ರೇಕ್ ದೂರು ಬಂದರೆ, ಪೆಡಲ್ ಗಟ್ಟಿ ಇತ್ತಾ, ಮೆತ್ತಗಿತ್ತಾ, ಗರಗರ ಅಂತಾ ಅಂತ ಮಾಲೀಕರನ್ನು ಕೇಳಿ ಬರೆಯಬೇಕು. ಐದೂ ಟೈರಿನ ನಾಲ್ಕಂಕಿ ಸಂಖ್ಯೆ ಬರೆಯಬೇಕು, ಸ್ಟೆಪ್ನಿ ಸೇರಿಸಿ. ಐಟಿಐ ಹುಡುಗರಿಗೂ ಇದನ್ನೇ ಮೊದಲು ಮಾಡಿಸುತ್ತೇನೆ, ಸ್ಪ್ಯಾನರ್ ಆಮೇಲೆ.

ಮೇಷ್ಟ್ರ ಸ್ಟೆಪ್ನಿ ಇನ್ನೂ 2018ರದ್ದೇ. ಪಂಕ್ಚರ್ ಆದರೆ ಹತ್ತಿರದ ಅಂಗಡಿವರೆಗೆ ನಿಧಾನಕ್ಕೆ ಹೋಗಲು ಮಾತ್ರ ಅದನ್ನು ಬಳಸುವುದು, ಮುಂದಿನ ಬೇಸಿಗೆಯೊಳಗೆ ಬದಲಿಸುವುದು ಅಂತ ಮಾತಾಗಿದೆ. ಬ್ರೇಕ್ ಆಯಿಲಿನ ಮುಂದಿನ ತಾರೀಕನ್ನು ಬಾನೆಟ್ಟಿನ ಒಳಗಡೆ ಸ್ಟಿಕ್ಕರ್ ಅಂಟಿಸಿ ಬರೆದಿದ್ದೇವೆ.